ಶರಣಮ್ಮನ ಒಪ್ಪಿಗೆ

“ತಟ್ಟ್ಯಾಗಿನ ಜೀವಕ್ಕ ತಾಯಿ ಆಗ್ತಿ, ನನ್ನ ಮಗನ ಕೂಸಿಗೆ ಮಾತ್ರ ತಾಯಿ ಆಗಂಗಿಲ್ಲ! ಹೌದಿಲ್ಲೋ? ಬಾಯಿಬಿಟ್ಟು ಹೇಳು!”

ಶರಣಮ್ಮ ಕೈಯಲ್ಲಿದ್ದ ರೊಟ್ಟಿಯ ಗಂಟನ್ನು ನೆಲಕ್ಕೆ ಕುಕ್ಕಿದಳು. ಪುಣೆಯ ಯೆರವಡಾದ ಆ ಎರಡು ಕೋಣೆಗಳ ಮನೆಯಲ್ಲಿ ಪ್ರಯಾಣದ ಸಿದ್ಧತೆಯೆಲ್ಲ ಮುಗಿದಿತ್ತು. ಎರಡು ಚೀಲ, ನೀರಿನ ಕ್ಯಾನು, ದೇವಿಗೆ ಹೊಸ ಸೀರೆ, ಹಸಿರು ಬಳೆ, ಐದು ತೆಂಗಿನಕಾಯಿ. ಹನ್ನೊಂದಕ್ಕೆ ಕಲಬುರ್ಗಿಯ ಕಡೆಗೆ ರೈಲು. ಶ್ರಾವಣದ ಶುಕ್ರವಾರ ಊರಿನ ದೇವಿಯ ಮುಂದೆ ಸೊಸೆಗೆ ಉಡಿ ತುಂಬಿಸುತ್ತೇನೆಂದು ಶರಣಮ್ಮ ಹರಕೆ ಹೊತ್ತು ಒಂದು ವರ್ಷವಾಗಿತ್ತು. ಆದರೆ ಸೊಸೆ ಭಾಗ್ಯಾ ಕೆಲಸಕ್ಕೆ ಹೋಗುವ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು!

“ಅತ್ತೀ, ನಾ ಬರಂಗಿಲ್ಲ ಅಂದಿಲ್ರಿ. ಮುಂದಿನ ಶುಕ್ರವಾರ ಹೋಗೋಣು ಅಂದೀನಿ. ಎರಡು ದಿನದಿಂದ ಅದನ್ನಽ ಹೇಳ್ಲಿಕ್ಕತ್ತೀನಿ. ನನ್ನ ಜೋಡಿ ಕೆಲಸ ಮಾಡೋ ಹುಡುಗಿ ಬಾಣಂತನದ ರಜಾಕ್ಕ ಹೋಗ್ಯಾಳ. ಮೇಡಂ ಮುಂಬೈಕ್ಕ ಹೋಗ್ಯಾರ. ಈಗ ನಾ ಬಿಟ್ಟು ಹೋದ್ರ ಎಲ್ಲಾ ಸತ್ತು ಹೋಗ್ತಾವ್ರಿ...”

“ಸಾಯ್ಲಿ! ಎರಡು ಸಲ ಬಸರಾದಿ, ಎರಡೂ ಸಲ ಹೋತು. ಯಾಕ ಹೋಗಂಗಿಲ್ಲ? ಕಂಡ ಹೆಂಗಸರ ಗರ್ಭಾ ತಂದು ಕೊಯ್ತಿ, ತೊಳೀತಿ! ಅವರ ಸಂಕಟ ತಟ್ಟಲಾರದಽ ಬಿಡ್ತದೇನು?”

“ಅತ್ತೀ!” ಭಾಗ್ಯಾಳ ದನಿ ಒಡೆಯಿತು.

ಮಗ ಮಹೇಶಕುಮಾರ ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ. ತಲೆ ಎತ್ತಿದರೆ ಇಬ್ಬರಲ್ಲಿ ಒಬ್ಬರ ಮುಖ ನೋಡಬೇಕಾಗುತ್ತದಲ್ಲ! “ಅವ್ವಾ, ಒಂದು ವಾರದ ಮಾತು...” ಎಂದು ಆರಂಭಿಸಿದವನು ತಾಯಿಯ ಕಣ್ಣು ಕಂಡು ಮತ್ತೆ ದಾರಕ್ಕೆ ಕೈ ಹಾಕಿದ.

“ನೀ ಮಾತಾಡಬ್ಯಾಡ. ನನ್ನ ತಮ್ಮನ ಮಗಳದಾಳ. ಧರ್ಮಣ್ಣ ತಾನಾಗೇ ಬಂದು ಕೇಳ್ಯಾನ. ಇಷ್ಟು ದಿನ ನಾನಽ ತಡದಿದ್ದೆ. ಇನ್ನ ತಡಿಯಂಗಿಲ್ಲ. ಕೊಂಢವಾಕ್ಕ, ಅವನ ಮನಿಗೆ ಹೊಂಟೆ ನಾ. ಈ ಮನಿಗೆ ಒಬ್ಬಾಕಿ ಸೊಸಿ ಗೊತ್ತಾದ ಮ್ಯಾಲೇ ತಿರುಗಿ ಬರ್ತೀನಿ!”

ಚೀಲ ಎತ್ತಲು ಬಗ್ಗಿದ ಶರಣಮ್ಮ ಒಂದು ಕ್ಷಣ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಮುಖ ಬೂದಿ ಬಳಿದಂತೆ ಬಿಳಿಚಿತ್ತು. ಸಿಟ್ಟಿಗೆ ಹಾಗಾಗಿದೆ ಎಂದುಕೊಂಡಳು ಭಾಗ್ಯಾ. ಕೈ ಹಿಡಿಯಲು ಹೋದರೆ ಅತ್ತೆ ಕೊಡವಿಕೊಂಡು ಹೊರಟುಬಿಟ್ಟಳು. ರಿಕ್ಷಾದ ಸದ್ದು ತಿರುವಿನಲ್ಲಿ ಮರೆಯಾಯಿತು. ಗಂಡ ಹೆಂಡತಿ ತೆಂಗಿನಕಾಯಿಗಳ ನಡುವೆ ನಿಂತುಬಿಟ್ಟರು...

ಶರಣಮ್ಮ ಮೊದಲಿನಿಂದ ಹೀಗಿದ್ದವಳಲ್ಲ. ಗಂಡ ಕಟ್ಟಡಕ್ಕೆ ಕಟ್ಟಿದ ಬಿದಿರಿನ ಪರಾಂಚಿಯಿಂದ ಬಿದ್ದು ಸತ್ತಾಗ ಮಹೇಶನಿಗೆ ನಾಲ್ಕು ವರ್ಷ. ಅಂದಿನಿಂದ ಅವಳು ಕೊಂಢವಾದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತಳು, ಉಸುಕು ಹೊತ್ತಳು, ಮಹಡಿ ಮಹಡಿಗೆ ನೆಲಕ್ಕೆ ಹಾಸುವ ಫರಸಿಕಲ್ಲು ಏರಿಸಿದಳು. ಮಗನನ್ನು ಐ.ಟಿ.ಐ. ಓದಿಸಿದಳು. ಈಗವನು ತಳೇಗಾಂವದ ಕಾರ್ಖಾನೆಯಲ್ಲಿ ಫಿಟ್ಟರ್. ತಮ್ಮವರೇ ಆದ, ಗೋಡೆ ಕಟ್ಟುವ ಒಬ್ಬ ಗೌಂಡಿಯ ಮಗಳು, ಪುಣೆಯಲ್ಲೇ ಬೆಳೆದು ಬಿ.ಎಸ್ಸಿ. ಓದಿದ ಭಾಗ್ಯಾಳನ್ನು ಹುಡುಕಿ ತಂದವಳೂ ಅವಳೇ. “ನನ್ನ ಸೊಸಿ ಪ್ರಯೋಗಶಾಲಿಯೊಳಗ ಕೆಲಸಾ ಮಾಡ್ತಾಳ” ಎಂದು ನಲ್ಲಿಯ ಹತ್ತಿರ ಹೇಳಿಕೊಂಡು ಬೀಗುತ್ತಿದ್ದವಳೂ ಅವಳೇ! ಮದುವೆಯಾದ ಎರಡನೆಯ ವರ್ಷ ಭಾಗ್ಯಾಳಿಗೆ ದಿನ ನಿಂತು, ಎರಡು ತಿಂಗಳಿಗೆ ಜಾರಿಹೋಯಿತು. ಮರುವರ್ಷ ಮತ್ತೆ ಹಾಗೆಯೇ. ಆ ಕಾಲಕ್ಕೆ ಒಂದು ದಿನ ಶರಣಮ್ಮ, “ನಿನ್ನ ಕೆಲಸ ಅಂದ್ರ ಖರೇ ಏನು?” ಎಂದು ಕೇಳಿದಳು. ಭಾಗ್ಯಾ ಮುಚ್ಚುಮರೆಯಿಲ್ಲದೆ ಹೇಳಿದಳು. ಅಂದಿನಿಂದ ಆ ಮನೆಯ ನೆಮ್ಮದಿ ಹೋಯಿತು.

ಆ ಕೆಲಸವಾದರೂ ಎಂಥದು? ಹೆಣ್ಣಿನ ಗರ್ಭಕೋಶದ ಒಳಗೆ ಒಂದು ಮೆತ್ತನೆಯ ಪದರವಿರುತ್ತದೆ. ತಿಂಗಳು ತಿಂಗಳೂ ಅದು ಬರಬಹುದಾದ ಕೂಸಿಗಾಗಿ ತನ್ನನ್ನು ತಾನು ಸಿದ್ಧಮಾಡಿಕೊಳ್ಳುತ್ತದೆ. ಬಾರದಿದ್ದರೆ ಕಳಚಿ ಹೋಗುತ್ತದೆ. ಬಂದ ಕೂಸು ಒಬ್ಬಳಲ್ಲಿ ಅಂಟಿ ನಿಲ್ಲುವುದೇಕೆ, ಇನ್ನೊಬ್ಬಳಲ್ಲಿ ನಿಲ್ಲದಿರುವುದೇಕೆ? ಬದುಕಿರುವ ಹೆಂಗಸಿನ ಒಳಗೆ ಇಣುಕಿ ನೋಡಲಾಗುವುದಿಲ್ಲ. ಅದಕ್ಕೇ ಬೇರೆ ಕಾಯಿಲೆಗಾಗಿ ಗರ್ಭಕೋಶ ತೆಗೆಸಿಕೊಳ್ಳುವವರಿಂದ, ಅವರು ಒಪ್ಪಿದರೆ ಮಾತ್ರ, ಆ ಪದರದ ಉಗುರಿನಷ್ಟು ತುಣುಕನ್ನು ತರುತ್ತಿದ್ದರು. ಅದರ ಜೀವಕೋಶಗಳನ್ನು ಬಿಡಿಸಿ, ಸಣ್ಣ ತಟ್ಟೆಗಳಲ್ಲಿ ಗುಲಾಬಿ ಬಣ್ಣದ ದ್ರವ ಹಾಕಿ, ಮೈಯ ಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಬೆಳೆಸುತ್ತಿದ್ದರು. ಆಮೇಲೆ ಮೈಯಲ್ಲಿ ಹರಿಯುವಂಥದೇ ಹಾರ್ಮೋನು ಸೇರಿಸಿ, ಎಳೆಯಂತಿರುವ ಅವು ದುಂಡಗೆ ತುಂಬಿಕೊಂಡು ಕೂಸಿಗೆ ಸಿದ್ಧವಾಗುತ್ತವೆಯೇ ಎಂದು ಹತ್ತು ಹನ್ನೆರಡು ದಿನ ಕಾಯುತ್ತಿದ್ದರು. ದಿನ ಬಿಟ್ಟು ದಿನ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ಒಂದು ಸಲ ತಪ್ಪಿದರೂ ಅಲ್ಲಿಯವರೆಗಿನ ಶ್ರಮವೆಲ್ಲ ಮಣ್ಣುಪಾಲು.

ಎರಡು ಸಲ ಮಡಿಲು ಬರಿದಾದ ಭಾಗ್ಯಾಳಿಗೆ ಅದು ಬರೀ ಸಂಬಳದ ಕೆಲಸವಾಗಿರಲಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗಲೆಲ್ಲ, ‘ನನ್ನೊಳಗೆ ಏನು ತಪ್ಪಿತು?’ ಎಂಬ ಪ್ರಶ್ನೆ ಎದೆಯಲ್ಲಿ ಎದ್ದು ಕೂರುತ್ತಿತ್ತು. ಇದನ್ನು ಅತ್ತೆಗೆ ಹೇಗೆ ಹೇಳುವುದು? ಗಂಡನಿಗೂ ಅವಳು ಹೇಳಿರಲಿಲ್ಲ...

ಸೋಮವಾರ ಮುಂಜಾನೆ ಹನ್ನೊಂದರ ಸುಮಾರಿಗೆ ಅವಳು ದ್ರವ ಬದಲಿಸಲು ಕುಳಿತಿದ್ದಳು. ಆಗಲೇ ಫೋನು ಬಂದಿತು. ಕೊಂಢವಾದಿಂದ ಧರ್ಮಣ್ಣನ ಹೆಂಡತಿ ಚಂದಮ್ಮ.

“ಭಾಗ್ಯಾ, ಲಗೂನ ಬಾರವ್ವ! ಅಕ್ಕಾರು ಬಚ್ಚಲದಾಗ ಬಿದ್ದಾರ. ಯಾರನ್ನೂ ಹತ್ರ ಬಿಡವಲ್ರು. ಬಾಗಿಲಾ ತಗೀಲಿಕ್ಕೂ ಒಲ್ಲೆ ಅಂತಾರ. ‘ಭಾಗ್ಯಾನ್ನ ಕರೀರಿ, ಮಹೇಶಗ ಹೇಳಬ್ಯಾಡ್ರಿ’ ಅಂತ ಅದೊಂದಽ ಮಾತು...”

ಭಾಗ್ಯಾ ಫೋನು ಕೆಳಗಿಟ್ಟಳು. ತೆರೆದಿಟ್ಟ ತಟ್ಟೆಗಳು ಮುಂದೆ, ಅತ್ತೆಯ ಕರೆ ಅಲ್ಲಿ! ಅಂದು ಬೆಳಿಗ್ಗೆಯಷ್ಟೇ ಮುಂಬೈಯಿಂದ ಬಂದಿದ್ದ ಡಾಕ್ಟರ್ ಪ್ರೇಮಾವತಿ ಅವಳ ಮುಖ ನೋಡಿ ಹತ್ತಿರ ಬಂದರು. ಉಡುಪಿಯ ಕಡೆಯವರು. ಆ ಪ್ರಯೋಗಾಲಯದ ಮುಖ್ಯಸ್ಥೆ. ಕೈಗೆ ಗ್ಲೌಸು ಏರಿಸುತ್ತಲೇ ಹೇಳಿದರು, “ಹೊರಡಿ ಭಾಗ್ಯಾ. ತಟ್ಟೆಗಳನ್ನು ನಾನು ನೋಡಿಕೊಳ್ತೇನೆ.”

“ಮೇಡಂ, ಇವತ್ತು ಎಂಟನೇ ದಿನ. ನಾಳೆ ನಾಡಿದ್ದು...”

“ನಾಳೆಯೂ ನಾನೇ, ನಾಡಿದ್ದೂ ನಾನೇ. ಮನುಷ್ಯರನ್ನು ಬಿಟ್ಟು ಇದನ್ನು ಮಾಡಬೇಕು ಅಂತ ಯಾರು ಹೇಳಿದ್ದು ನಿಮಗೆ? ಬೆಳಿಗ್ಗೆ ಹೇಳಿದ ಹರಕೆಯ ವಿಷಯವನ್ನು ಮೊನ್ನೆಯೇ ಒಂದು ಫೋನ್ ಮಾಡಿ ತಿಳಿಸಿದ್ದರೆ ನಾನು ಅವತ್ತೇ ಬರ್ತಿದ್ದೆನಲ್ಲ! ಹೋಗಿ, ಹೋಗಿ.”

ಹಾಗೆ ಕೇಳಬಹುದಿತ್ತೆಂಬ ಯೋಚನೆಯೇ ಭಾಗ್ಯಾಳಿಗೆ ಬಂದಿರಲಿಲ್ಲ. ಕಣ್ಣೊರೆಸಿಕೊಂಡು ಓಡಿದಳು.

ಬಚ್ಚಲ ಬಾಗಿಲು ತೆರೆದುಕೊಂಡದ್ದು ಅವಳ ದನಿ ಕೇಳಿದ ಮೇಲೆಯೇ. ಒಳಗೆ ಶರಣಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಸೀರೆಯ ನೆರಿಗೆಯೆಲ್ಲ ರಕ್ತದಲ್ಲಿ ತೊಯ್ದಿತ್ತು. ತುಟಿಗಳಲ್ಲಿ ಬಣ್ಣವೇ ಇರಲಿಲ್ಲ.

“ಅಯ್ಯೋ ಅತ್ತೀ! ಎಷ್ಟು ದಿನದಿಂದ ಹಿಂಗ ಹೊಂಟದ್ರಿ?”

“ಎಂಟು ತಿಂಗಳಾತು...”

“ಎಂಟು ತಿಂಗಳು! ಯಾಕ ಹೇಳಲಿಲ್ರಿ?”

“ಗಂಡುಮಗನ ಮುಂದ ಇದನ್ನ ಹ್ಯಾಂಗ ಹೇಳ್ಲಿ? ತಮ್ಮಗ ಹ್ಯಾಂಗ ಹೇಳ್ಲಿ?” ಶರಣಮ್ಮನ ಕಣ್ಣಿಂದ ನೀರಿಳಿಯಿತು. “ತಿಳಿಯಾಕಿ ನೀ ಒಬ್ಬಾಕೀನೇ ಇದ್ದಿ. ನಿನಗ ಹೇಳಬೇಕು ಅನಕೊಂಡೆ. ಬಾಗಿಲ ತನಕಾ ಬಂದು ತಿರುಗಿ ಹೋದೆ. ನಿನಗ ಎಷ್ಟೆಲ್ಲಾ ಅಂದೀನಿ... ಯಾವ ಮಾರಿ ಹೊತ್ತು ಹೇಳ್ಲಿ ಭಾಗ್ಯಾ?”

ಭಾಗ್ಯಾ ನೀರು ತುಂಬಿಕೊಂಡಳು. ಅತ್ತೆಯನ್ನು ತೊಳೆದಳು, ಒಣಗಿದ ಸೀರೆ ಸುತ್ತಿದಳು, ಚಂದಮ್ಮನ ನೆರವಿನಿಂದ ರಿಕ್ಷಾಕ್ಕೆ ಹತ್ತಿಸಿದಳು. ದಾರಿಯುದ್ದಕ್ಕೂ ಆ ತಣ್ಣನೆಯ ಅಂಗೈ ಅವಳ ಕೈಯನ್ನು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ಮಹೇಶ ಕಾರ್ಖಾನೆಯಿಂದ ಓಡಿಬಂದು ತಾನೂ ರಕ್ತ ಕೊಟ್ಟ. ಗರ್ಭಕೋಶದಲ್ಲಿ ಗಂಟುಗಳಿವೆ ಎಂದರು ಡಾಕ್ಟರು. ಆದರೆ ಶರಣಮ್ಮನಿಗೆ ನಲವತ್ತಾರು ವರ್ಷ, ರಕ್ತಸ್ರಾವ ವಿಪರೀತ. ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಒಳಗಿನಿಂದ ಕೆರೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ಎಂಟು ದಿನ.

ಆ ಎಂಟು ದಿನ! ಭಾಗ್ಯಾ ಪ್ರಯೋಗಾಲಯಕ್ಕೆ ರಜೆ ಹಾಕಿ ಮಂಚದ ಪಕ್ಕದ ಸ್ಟೂಲನ್ನೇ ಮನೆ ಮಾಡಿಕೊಂಡಳು. ಗಂಜಿ ಕುಡಿಸಿದಳು, ತಲೆ ಬಾಚಿದಳು, ಬಟ್ಟೆ ಬದಲಿಸಿದಳು. ಶರಣಮ್ಮ ಬಾಯಿ ಬಿಡುವಳು, ಏನೋ ಹೇಳಹೋಗುವಳು, ಗೋಡೆಯ ಕಡೆ ಹೊರಳಿಬಿಡುವಳು. ಕ್ಷಮೆ ಕೇಳಿ ರೂಢಿಯಿಲ್ಲದ ಬಾಯಿ ಅದು.

ಐದನೆಯ ದಿನ ಧರ್ಮಣ್ಣ ಬಂದ. ಅಕ್ಕನನ್ನು ನೋಡಿ ಹೊರಗೆ ಬಂದವನು ವರಾಂಡದಲ್ಲಿ ಅಳಿಯನನ್ನು ನಿಲ್ಲಿಸಿ, ಭಾಗ್ಯಾಳಿಗೆ ಕೇಳಿಸುವಂತೆಯೇ ಹೇಳಿದ, “ಇದೆಲ್ಲಾ ಆಕಿ ಕೆಲಸದಿಂದ ಬಂದದ್ದು, ಮಹೇಶ. ಇಂಥಾ ಸಾಮಾನು ಮುಟ್ಟಿ ಬಂದ ಕೈಲೇ ಅಡಿಗಿ ಮಾಡಿದ್ರ ಮನಿಗೆ ಒಳ್ಳೇದಾಗ್ತದೇನು? ಅಕ್ಕ ಎದ್ದು ಕೂಡೂದ್ರೊಳಗ ನಮ್ಮ ಮಾತು ಮುಗಿಸಿಬಿಡೋಣು...”

ಮಹೇಶ ಗೋಡೆಗೆ ಒರಗಿ ನಿಂತಿದ್ದವನು ನೆಟ್ಟಗಾದ. ಅವನ ದನಿ ಏರಲಿಲ್ಲ. ಆದರೆ ಅಂಥ ದನಿಯನ್ನು ಭಾಗ್ಯಾ ಅದುವರೆಗೆ ಕೇಳಿರಲಿಲ್ಲ.

“ಮಾಮಾ, ನಮ್ಮವ್ವ ನಿಮ್ಮ ಮನ್ಯಾಗ ಮೂರು ದಿನ ಇದ್ಲು. ನಾ ಹುಟ್ಟಿದಾಗಿಂದ ಆಕಿ ಜೋಡಿ ಇದ್ದೀನಿ. ಆಕಿಗೆ ಏನಾಗ್ಯಾದ ಅಂತ ನಿಮಗ ತಿಳೀಲಿಲ್ಲ, ನನಗ ತಿಳೀಲಿಲ್ಲ. ಜೀವ ಹೋಗೂ ಹೊತ್ತಿನಾಗ ಅವ್ವ ಯಾರನ್ನ ಕರದ್ಲು? ಭಾಗ್ಯಾನ್ನ! ಆ ಕೈಲೇ ಆಕಿ ನಮ್ಮವ್ವನ್ನ ಎತ್ತಿಕೊಂಡು ಬಂದಾಳ. ಎರಡನೇ ಮದುವಿ ಮಾತು ಇಲ್ಲಿಗೆ ಬಿಡ್ರಿ. ನಾ ಆಗಂಗಿಲ್ಲ. ನಿಮ್ಮ ಮಗಳ ಬಾಳೇನೂ ಹಾಳು ಮಾಡಬ್ಯಾಡ್ರಿ.”

ಧರ್ಮಣ್ಣ ಮೆಟ್ಟಿಲಿಳಿದು ಹೋದ. ಭಾಗ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಆ ಮಾತಿಗಾಗಿ ಕಾದಿದ್ದಳು... ಬಂದಾಗ ಅಳುವೇ ಬಂದುಬಿಟ್ಟಿತು!

ಒಂಬತ್ತನೆಯ ದಿನ ಮಧ್ಯಾಹ್ನ ವಾರ್ಡಿನ ನರ್ಸ್ ಗೋದಾ ಕಾಗದ ಹಿಡಿದು ಬೀಸುನಡಿಗೆಯಲ್ಲಿ ಬಂದಳು. ಮರಾಠಿಯವಳು, ದೊಡ್ಡ ದನಿಯವಳು. ಬಾಗಿಲಿನಿಂದಲೇ ಕೂಗಿದಳು, “ಮಾವ್‌ಶೀ! ನುಸ್ತ್ಯಾ ಗಾಠೀ ಆಹೇತ, ಕ್ಯಾನ್ಸರ್ ನಾಹೀ!”

ಬರೀ ಗಂಟು! ಕ್ಯಾನ್ಸರ್ ಅಲ್ಲ! ಮಹೇಶ ನಿಂತಲ್ಲೇ ನೆಲಕ್ಕೆ ಕುಸಿದು ಚಿಕ್ಕ ಮಗುವಿನಂತೆ ಅತ್ತ. ಭಾಗ್ಯಾ ಕಾಗದವನ್ನು ಕಸಿದುಕೊಂಡು ತಾನೇ ಓದಿದಳು, ಮತ್ತೆ ಓದಿದಳು. ಶರಣಮ್ಮ ಮಾತ್ರ ಛಾವಣಿ ನೋಡುತ್ತಾ ಮಲಗಿದ್ದವಳು ಮೆಲ್ಲಗೆ, “ಹಸಿವಿ ಆಗ್ಯಾದ” ಎಂದಳು. ಎಂಟು ದಿನದಲ್ಲಿ ಅವಳು ತಾನಾಗಿ ಊಟ ಕೇಳಿದ್ದು ಅದೇ ಮೊದಲು. ಮೂವರೂ ಅಳುತ್ತಾ ನಕ್ಕರು.

ರಕ್ತ ಕೂಡಿದ ಮೇಲೆ, ಒಂದು ತಿಂಗಳು ಬಿಟ್ಟು, ಗರ್ಭಕೋಶ ತೆಗೆಯುವುದೆಂದು ಗೊತ್ತಾಯಿತು. ಆ ತಿಂಗಳು ಶರಣಮ್ಮ ಯೆರವಡಾದ ಮನೆಯಲ್ಲೇ ಇದ್ದಳು. ಭಾಗ್ಯಾ ಬೆಳಿಗ್ಗೆ ಅಡುಗೆ ಮಾಡಿಟ್ಟು, ಗುಳಿಗೆ ಎಣಿಸಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬರುವಷ್ಟರಲ್ಲಿ ಅತ್ತೆ ಕುಳಿತಲ್ಲೇ ಕಾಯಿಪಲ್ಯ ಹೆಚ್ಚಿಟ್ಟಿರುತ್ತಿದ್ದಳು. “ಇವತ್ತು ಅವಕ್ಕ ನೀರು ಹಾಕೋ ದಿನಾ ಏನು?” ಎಂದು ಒಂದು ದಿನ ತಾನಾಗಿಯೇ ಕೇಳಿದಳು. ಭಾಗ್ಯಾ ಬೆರಗಾಗಿ, “ಹೌದ್ರಿ” ಎಂದಳು. ಅಷ್ಟೇ ಮಾತು. ಅಷ್ಟಕ್ಕೇ ಭಾಗ್ಯಾಳ ಎದೆ ಹಗುರವಾಯಿತು.

ಆಪರೇಶನ್ನಿನ ಹಿಂದಿನ ದಿನ ಮಧ್ಯಾಹ್ನ. ಗೋದಾ ಪಕ್ಕದ ಹಾಸಿಗೆಯ ಹೆಂಗಸಿನ ಹತ್ತಿರ ಕುಳಿತು ಒಂದು ಕಾಗದವನ್ನು ನಿಧಾನವಾಗಿ ಓದಿ ಹೇಳುತ್ತಿದ್ದಳು. ತೆಗೆದ ಗರ್ಭಕೋಶದಿಂದ ಚೂರು ಪದರವನ್ನು ಸಂಶೋಧನೆಗೆ ಕೊಡುತ್ತೀರಾ, ಇಷ್ಟವಿದ್ದರೆ ಮಾತ್ರ, ಬೇಡವೆಂದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಿಲ್ಲ ಎಂದು. ಆ ಹೆಂಗಸು ತಲೆಯಾಡಿಸಿ ಒಲ್ಲೆನೆಂದಳು. ಗೋದಾ ನಗುತ್ತಲೇ ಎದ್ದು, ಶರಣಮ್ಮನ ಮಂಚವನ್ನು ದಾಟಿ, ಮುಂದಿನ ಮಂಚಕ್ಕೆ ಹೋದಳು.

ಶರಣಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು. ಸೊಸೆ ಚಹಾ ತಂದಾಗ ಸಿಡಿದಳು, “ಆಕಿನ್ನ ಕೇಳಿದ್ರು, ಈಕಿನ್ನ ಕೇಳಿದ್ರು. ನನ್ನ ಯಾಕ ಕೇಳಲಿಲ್ಲ? ನಂದು ಅಷ್ಟು ಕೆಟ್ಟದ್ದೇನು?”

ಭಾಗ್ಯಾ ಕಪ್ಪನ್ನು ಕೆಳಗಿಟ್ಟಳು. “ನಾನಽ ಬ್ಯಾಡ ಅಂದಿದ್ದೆ ಅತ್ತೀ. ಅದು ಬರೋದು ನಮ್ಮ ಪ್ರಯೋಗಶಾಲಿಗೇ, ನಾ ಅಲ್ಲೇ ಕೆಲಸಾ ಮಾಡಾಕಿ. ನಿಮ್ಮನ್ನ ಕೇಳಿದ್ರ, ನನ್ನ ಮಾರಿ ನೋಡಿ ಹೂಂ ಅಂತೀರಿ, ಇಲ್ಲಾ ನಿಮ್ಮ ಮನಸ್ಸಿಗೆ ನೋವಾಗ್ತದ. ಎರಡೂ ಬ್ಯಾಡ ಅನ್ನಿಸ್ತು.”

ಶರಣಮ್ಮ ಹೊದಿಕೆಯನ್ನು ಎದೆಗೆ ಎಳೆದುಕೊಂಡಳು. ಆಮೇಲೆ ಕಿಟಕಿಯ ಕಡೆ ನೋಡುತ್ತಾ ಹೇಳಿದಳು, “ಮಹೇಶಗಿಂತ ಮೊದಲು ಮೂರು ಹೋಗ್ಯಾವ ನಂದು.”

“ಅತ್ತೀ!”

“ಯಾರಿಗೂ ಹೇಳಿಲ್ಲ. ಮೂರನೇದು ಹೋದಾಗ ನನ್ನ ಅತ್ತಿ ನನ್ನ ಕೈಯಾನ ಬಳಿ ಬಿಚ್ಚಿಸಿ ತವರಿಗೆ ಅಟ್ಟಿದ್ಲು. ‘ಕಲ್ಲು ಗರ್ಭದಾಕಿ’ ಅಂದ್ಲು. ಆರು ತಿಂಗಳು ನನ್ನ ಗಂಡ ಆಕಿಗೆ ಕಾಣಲಾರದಂಗ ಬಂದು ಹೋಗ್ತಿದ್ದ. ಆವಾಗ ನಾ ದೇವರ ಮುಂದ ಎಷ್ಟು ಅತ್ತೀನಿ... ನನ್ನ ಸೊಸಿಗೆ ಹಿಂಗ ಅನ್ನಂಗಿಲ್ಲ ಅಂತ ಆಣಿ ಮಾಡಿದ್ದೆ ಭಾಗ್ಯಾ! ನಿಂದು ಎರಡನೇದು ಹೋದಾಗ ಹಳೇದೆಲ್ಲಾ ಎದ್ದು ಬಂತು. ಅಂಜಿಕಿ ಬಂತು. ಅದೇ ಬಾಯಿ ಬಂತು ನನಗ. ಆಕಿ ಬಾಯಿ!”

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ಕಲ್ಲು ಹೊತ್ತು ಗಂಟುಗಟ್ಟಿದ ಆ ಬೆರಳುಗಳನ್ನು ಭಾಗ್ಯಾ ಒಂದೊಂದಾಗಿ ಬಿಡಿಸಿ ತನ್ನ ಮಡಿಲಿಗೆ ತೆಗೆದುಕೊಂಡಳು. ಇಬ್ಬರೂ ಅತ್ತರು. ಕಳೆದುಕೊಂಡ ಐದು ಕೂಸುಗಳಿಗೂ ಸೇರಿಸಿ ಅತ್ತರು...

ಸ್ವಲ್ಪ ಹೊತ್ತಿನ ಮೇಲೆ ಶರಣಮ್ಮ ಮೂಗೊರೆಸಿಕೊಂಡು ಕೇಳಿದಳು, “ನೀವು ಮಾಡೋ ಈ ಕೆಲಸ ಆವಾಗ ಇದ್ದಿದ್ರ ನನ್ನ ಮೂರೂ ನಿಲ್ತಿದ್ವೇನು?”

ಸುಳ್ಳು ಹೇಳುವುದು ಸುಲಭವಿತ್ತು. ಭಾಗ್ಯಾ ಹೇಳಲಿಲ್ಲ. “ಗೊತ್ತಿಲ್ಲ ಅತ್ತೀ. ನಮಗ ಇನ್ನೂ ಭಾಳ ತಿಳಿದಿಲ್ಲ. ಯಾಕ ನಿಲ್ಲಂಗಿಲ್ಲ ಅನ್ನೋದ ಈಗ ಹುಡುಕ್ಲಿಕ್ಕತ್ತೀವಿ. ನನ್ನ ಎರಡೂ ಯಾಕ ಹೋದ್ವು ಅಂತ ನನಗೂ ಗೊತ್ತಿಲ್ಲ. ಅದಕ್ಕಽ ಆ ಕೆಲಸ ಬಿಡ್ಲಿಕ್ಕೆ ಮನಸ್ಸಾಗವಲ್ದು.”

“ಇದನ್ನ ಮೊದಲಽ ಹೇಳಬಾರದಾಗಿತ್ತೇನು ನೀ?” ಎಂದಳು ಶರಣಮ್ಮ. ಆಮೇಲೆ ವಾರ್ಡಿಗೆಲ್ಲ ಕೇಳಿಸುವಂತೆ ಕೂಗಿದಳು, “ಗೋದಾಬಾಯೀ! ಇಕಡೆ ಯಾ! ಕಾಗದಾ ತಗೊಂಡು ಬಾ!”

ಭಾಗ್ಯಾ ಗಾಬರಿಯಾದಳು. “ಅತ್ತೀ, ನನ್ನ ಸಲುವಾಗಿ ಅಂತ ಬ್ಯಾಡ್ರಿ. ಒಲ್ಲೆ ಅಂದ್ರೂ ಯಾರೂ ಸಿಟ್ಟಾಗಂಗಿಲ್ಲ.”

“ನಿನ್ನ ಸಲುವಾಗಿ ಅಲ್ಲ. ಸುಮ್ಮ ಕೂಡು. ಹೊರಗ ಹೋಗಿ ನಿಂದ್ರು ಬೇಕಾದ್ರ.”

ಭಾಗ್ಯಾ ನಿಜವಾಗಿಯೂ ಹೊರಗೆ ಹೋಗಿ ನಿಂತಳು. ಗೋದಾ ಒಂದೊಂದೇ ಸಾಲು ಓದಿದಳು. ಶರಣಮ್ಮ ತನ್ನ ಹರಕುಮುರುಕು ಮರಾಠಿಯಲ್ಲಿ ಮೂರು ಸಲ ಅಡ್ಡ ಪ್ರಶ್ನೆ ಕೇಳಿ, ಕೊನೆಗೆ ಹೆಬ್ಬೆಟ್ಟು ಒತ್ತಿದಳು.

ಆಪರೇಶನ್ ಸುಸೂತ್ರವಾಗಿ ಮುಗಿಯಿತು. ಅಂದು ಸಂಜೆಯೇ ಪ್ರಯೋಗಾಲಯಕ್ಕೆ ಸಣ್ಣ ಸೀಸೆಯೊಂದು ಬಂದಿತು. ಅದರ ಮೇಲೆ ಹೆಸರಿರಲಿಲ್ಲ, ಬರೀ ಸಂಖ್ಯೆ. ಆದರೆ ಆ ವಾರ ಬಂದದ್ದು ಅದೊಂದೇ. ಪ್ರೇಮಾವತಿ ಅವರು ಭಾಗ್ಯಾಳನ್ನು ಪಕ್ಕಕ್ಕೆ ಕರೆದು, “ನಿಮಗೆ ಕಷ್ಟವಾಗುವುದಾದರೆ ಇದನ್ನು ಮುಟ್ಟಬೇಡಿ. ಪೂರ್ತಿ ನಾನೇ ಮಾಡ್ತೇನೆ” ಎಂದರು.

“ಇಲ್ಲ ಮೇಡಂ. ನಾನೇ ನೋಡಿಕೊಳ್ತೀನಿ.”

ದಿನ ಬಿಟ್ಟು ದಿನ ಅವಳು ಹಳೆಯ ದ್ರವ ತೆಗೆದು ಹೊಸದು ಹಾಕಿದಳು. ಮೊದಲ ವಾರ ಜೀವಕೋಶಗಳು ಉದ್ದುದ್ದ, ದಾರದ ಎಳೆಗಳಂತೆ ತಟ್ಟೆಯ ತುಂಬ ಹಬ್ಬಿದವು. ಹಾರ್ಮೋನು ಹಾಕಿದ ಮೇಲೆ ನಾಲ್ಕು ದಿನ ಏನೂ ಕಾಣಲಿಲ್ಲ. ವಯಸ್ಸಾದವರ ತುಣುಕು, ಆಗಲಾರದೇನೋ ಎಂದುಕೊಂಡಳು. ಆರನೆಯ ದಿನಕ್ಕೆ ಅಲ್ಲಲ್ಲಿ ಒಂದೆರಡು ಎಳೆ ದುಂಡಗಾದವು. ಒಂಬತ್ತಕ್ಕೆ ಅರ್ಧ ತಟ್ಟೆ. ಹನ್ನೊಂದನೆಯ ಬೆಳಿಗ್ಗೆ ಇಡೀ ತಟ್ಟೆ ದುಂಡಗಾದದ್ದನ್ನು ಕಣ್ಣಿಟ್ಟು ನೋಡಿದ ಭಾಗ್ಯಾ “ಮೇಡಂ!” ಎಂದು ಕೂಗಿದ್ದು ವರಾಂಡಕ್ಕೂ ಕೇಳಿಸಿತು.

ಈ ನಡುವೆ ಮನೆಯಲ್ಲೂ ಒಂದು ಗಂಟು ಬಿಚ್ಚಿತು. ಧರ್ಮಣ್ಣ ಹಣ್ಣು ಹಿಡಿದುಕೊಂಡು ಅಕ್ಕನನ್ನು ನೋಡಲು ಬಂದಿದ್ದ. ಅವನು ಕುಳಿತುಕೊಳ್ಳುವ ಮೊದಲೇ ಶರಣಮ್ಮ ಹೇಳಿದಳು, “ಧರ್ಮಾ, ನಿನ್ನ ಮಗಳಿಗೆ ಬ್ಯಾರೆ ಛಲೋ ಮನಿ ನೋಡು. ಈ ಮನಿಗೆ ಸೊಸಿ ಅದಾಳ. ತಪ್ಪು ನಂದು, ಆಸೆ ಹಚ್ಚಿದೆ.”

ಧರ್ಮಣ್ಣ ಸಿಟ್ಟಾಗುತ್ತಾನೆಂದು ಎಲ್ಲರೂ ಕಾದರು. ಅವನು ಉಸಿರು ಬಿಟ್ಟು ಗೋಡೆಗೆ ಒರಗಿದ. “ಛಲೋ ಆತು ಬಿಡಕ್ಕಾ. ಆಕೀನೂ ಅಳ್ಳಿಕ್ಕತ್ತಿದ್ಲು. ನರ್ಸಿಂಗ್ ಕಲೀತೀನಿ ಅಂತ ಹಟ ಹಿಡದಾಳ. ನಿನಗ ಮಾತು ಕೊಟ್ಟೀನಿ ಅಂತ ನಾ ಸುಮ್ಮನಿದ್ದೆ.” ಆಮೇಲೆ ಭಾಗ್ಯಾಳ ಕಡೆ ನೋಡಲಾರದೆ, ಚಹಾದ ಕಪ್ಪನ್ನು ನೋಡುತ್ತಾ, “ಆಸ್ಪತ್ರ್ಯಾಗ ನಾ ಏನೇನೋ ಮಾತಾಡಿದೆ. ಮನಸ್ಸಿನ್ಯಾಗ ಇಟ್ಟುಕೋಬ್ಯಾಡ ತಂಗಿ” ಎಂದ.

ಭಾಗ್ಯಾ ಇನ್ನೊಂದು ಕಪ್ಪು ಚಹಾ ತಂದಿಟ್ಟಳು.

ಮೂರು ವಾರ ಕಳೆದು ಶರಣಮ್ಮನನ್ನು ಆಸ್ಪತ್ರೆಗೆ ತೋರಿಸಲು ಕರೆತಂದ ದಿನ. ಗಾಯ ಮಾಗಿದೆ, ಇನ್ನು ಭಾರ ಒಂದು ಎತ್ತಬೇಡಿ, ಎಲ್ಲಾ ಸರಿಯಾಗಿದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಹೊರಗೆ ಬಂದವಳು ಮೆಟ್ಟಿಲ ಮೇಲೆ ನಿಂತು, “ನೀ ಕೆಲಸಾ ಮಾಡೋ ಜಾಗಾ ದೂರೇನು?” ಎಂದಳು.

ಪ್ರೇಮಾವತಿ ಅವರು ತಾವೇ ಪ್ರಯೋಗಾಲಯದ ಬಾಗಿಲಿಗೆ ಬಂದು ಕರೆದುಕೊಂಡು ಹೋದರು. ಶರಣಮ್ಮ ಚಪ್ಪಲಿ ಬಿಟ್ಟು, ಸೆರಗು ಬಿಗಿಯಾಗಿ ಹೊದ್ದು, ದೇವರಮನೆಗೆ ಹೋದವಳಂತೆ ಒಳಗೆ ಕಾಲಿಟ್ಟಳು. ಭಾಗ್ಯಾ ಒಂದು ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, “ನೋಡ್ರಿ ಅತ್ತೀ” ಎಂದಳು.

“ಏನೂ ಕಾಣವಲ್ದು. ಬರೇ ಕಪ್ಪು ಕೂದಲಾ ಕಾಣ್ತಾವ.”

“ಅವು ನಿಮ್ಮ ರೆಪ್ಪಿ! ಸ್ವಲ್ಪ ಹಿಂದ ಸರೀರಿ. ಈಗ?”

ಶರಣಮ್ಮ ಉಸಿರು ಬಿಗಿಹಿಡಿದಳು. ಭಾಗ್ಯಾ ಮೊದಲು ಹಾರ್ಮೋನು ಹಾಕದ ತಟ್ಟೆಯನ್ನು ತೋರಿಸಿದಳು, ಬರೀ ಎಳೆಗಳು. ಆಮೇಲೆ ಹಾಕಿದ್ದನ್ನು ತೋರಿಸಿದಳು. ದುಂಡಗೆ, ತುಂಬಿಕೊಂಡು, ಒಂದಕ್ಕೊಂದು ಒತ್ತಾಗಿ ಕೂತ ಜೀವಗಳು.

“ಯವ್ವಾ! ಫರಸಿ ಹಾಸಿದಂಗ ಕಾಣ್ತದಲ್ಲ! ಒಂದು ಸಂದಿ ಬಿಟ್ಟಿಲ್ಲ.” ಅವಳು ತಲೆ ಎತ್ತದೆಯೇ ಕೇಳಿದಳು, “ಇದು ನಂದೇನು?”

“ಹೆಸರು ಇರಂಗಿಲ್ರಿ. ಬರೇ ನಂಬರು. ನಾ ಹೇಳಬಾರದು.”

“ಹೇಳಬ್ಯಾಡ ಬಿಡು.” ಶರಣಮ್ಮ ಇನ್ನೂ ಸ್ವಲ್ಪ ಹೊತ್ತು ನೋಡಿದಳು. “ಯಾರದೇ ಇರ್ಲಿ, ಕಲ್ಲಲ್ಲ ಇದು.”

ಪ್ರೇಮಾವತಿ ಅವರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಯೆರವಡಾಕ್ಕೆ ಹೋಗುವ ಬಸ್ಸಿನಲ್ಲಿ ಅತ್ತೆ ಸೊಸೆಗೆ ಅಕ್ಕಪಕ್ಕ ಜಾಗ ಸಿಕ್ಕಿತು. ಎದುರು ಸೀಟಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಒಬ್ಬ ಮುದುಕಿ ಇವರನ್ನು ನೋಡಿ ನಕ್ಕು ಮಾತಿಗೆಳೆದಳು. ಯಾವ ಊರು, ಏನು ಆಪರೇಶನ್ ಎಂದೆಲ್ಲ ಕೇಳಿ, ಭಾಗ್ಯಾಳ ಕಡೆ ಗದ್ದ ತೋರಿಸಿ, “ಸೂನ್ ಕಾ? ಮುಲಂ ಕಿತೀ?” ಎಂದಳು. ಸೊಸೆಯೇ, ಮಕ್ಕಳೆಷ್ಟು ಎಂದು.

ಭಾಗ್ಯಾ ಕಿಟಕಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಹೊರಗೆ ನೋಡಿದಳು. ಇಂಥ ಪ್ರಶ್ನೆ ಬಂದಾಗಲೆಲ್ಲ ಅತ್ತೆ ಬಿಡುವ ನಿಟ್ಟುಸಿರು ಅವಳಿಗೆ ಗೊತ್ತಿತ್ತು. ಅದಕ್ಕಾಗಿ ಕಾದಳು.

ನಿಟ್ಟುಸಿರು ಬರಲಿಲ್ಲ. ಶರಣಮ್ಮ ಮುದುಕಿಗೆ ತನ್ನ ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು. ಮಕ್ಕಳಿಲ್ಲ. ಮುಂದೆ ಆದರಾಗಲಿ, ಆಗದಿದ್ದರೆ ಇಲ್ಲ. ಎರಡು ತಿಂಗಳ ಹಿಂದೆ ತಾನು ಸಾಯಬೇಕಾಗಿತ್ತು, ಇವಳು ಉಳಿಸಿದಳು. ದೊಡ್ಡ ಕೆಲಸದಲ್ಲಿದ್ದಾಳೆ. ಎಂಥ ಕೆಲಸ ಎಂದರೆ ಬಸ್ಸಿನಲ್ಲಿ ಹೇಳಿ ಮುಗಿಯುವಂಥದಲ್ಲ.

ಮುದುಕಿ ತಲೆದೂಗಿ ಮೊಮ್ಮಗಳ ಕೈಗೆ ಬಿಸ್ಕತ್ತು ಕೊಟ್ಟಳು. ಬಸ್ಸು ಸೇತುವೆ ದಾಟುತ್ತಿತ್ತು. ಶರಣಮ್ಮ ಸೊಸೆಯ ಕಡೆ ತಿರುಗಿ ಕನ್ನಡದಲ್ಲಿ, “ಅಳಬ್ಯಾಡ, ಮಂದಿ ನೋಡ್ಲಿಕ್ಕತ್ತಾರ. ನನಗ ಸ್ವಲ್ಪ ಒರಗಲಿಕ್ಕೆ ಕೊಡು, ಹೊಟ್ಟಿ ಎಳೀತದ” ಎಂದು ಅವಳ ಹೆಗಲಿಗೆ ತಲೆಯಿಟ್ಟಳು. ತಮ್ಮ ಸ್ಟಾಪು ಬರುವವರೆಗೂ ಭಾಗ್ಯಾ ಅಲುಗಾಡದೆ ಕುಳಿತಿದ್ದಳು.